ಸಮ ಚಿಹ್ನೆಯ ಜನಕ ರಾಬರ್ಟ್ ರೆಕಾರ್ಡ್



ನಿಮ್ಮ ಗಣಿತದ ನೋಟ್ ಪುಸ್ತಕವನ್ನೊಮ್ಮೆ ತೆರೆದು ನೋಡಿ. ಪ್ರತಿಯೊಂದು ಲೆಕ್ಕದಲ್ಲೂ ಒಂದರ ಕೆಳಗೊಂದರಂತೆ ಎಳೆದ ಎರಡು ಪುಟ್ಟ ಗೆರೆಗಳು ಕಾಣುತ್ತವೆ. ಈ ಸಮ ಚಿಹ್ನೆಯನ್ನು ಮೊದಲು ಅಚ್ಚಿಗೆ ತಂದವರು ಯಾರು? ವಿಜ್ಞಾನ ಪದವೀಧರನಾದ ನನಗೂ ಈ ಪ್ರಶ್ನೆ ಕೇಳಬೇಕೆಂದು ಬಹುಕಾಲ ಹೊಳೆದಿರಲಿಲ್ಲ.

ಅವನ ಹೆಸರು ರಾಬರ್ಟ್ ರೆಕಾರ್ಡ್. ಬ್ರಿಟನ್ನಿನ ಪಶ್ಚಿಮ ಭಾಗದ ವೇಲ್ಸ್ ನಾಡಿನಲ್ಲಿ, ಟೆನ್‌ಬಿ ಎಂಬ ಕಡಲತೀರದ ಊರಿನಲ್ಲಿ ಸುಮಾರು 1512ರಲ್ಲಿ ಹುಟ್ಟಿದವನು. ಆಕ್ಸ್‌ಫರ್ಡ್‌ನಲ್ಲಿ ಓದಿ, 1545ರಲ್ಲಿ ಕೇಂಬ್ರಿಜ್‌ನಿಂದ ವೈದ್ಯಕೀಯ ಪದವಿಯನ್ನೂ ಪಡೆದ. (ವೃತ್ತಗಣಿತದ 'ಪೈ' ಚಿಹ್ನೆಯನ್ನು ಇಂದಿನ ಅರ್ಥದಲ್ಲಿ 1706ರಲ್ಲಿ ಬಳಸಿದ ವಿಲಿಯಂ ಜೋನ್ಸ್ ಕೂಡ ವೇಲ್ಸ್‌ನವನೇ!)

ಆ ಕಾಲದಲ್ಲಿ ಯುರೋಪಿನ ವಿದ್ವಾಂಸರ ಭಾಷೆ ಲ್ಯಾಟಿನ್. ಅಂಗಡಿಯವನಿಗೋ ಕುಶಲಕರ್ಮಿಗೋ ಅದು ತಿಳಿಯದು. ರೆಕಾರ್ಡ್ ಬರೆದದ್ದು ಜನರಾಡುವ ಇಂಗ್ಲಿಷಿನಲ್ಲಿ. 1543ರಲ್ಲಿ ಬಂದ ಅವನ ಅಂಕಗಣಿತದ ಪುಸ್ತಕ 'ದಿ ಗ್ರೌಂಡ್ ಆಫ್ ಆರ್ಟ್ಸ್' ಗುರುಶಿಷ್ಯರ ಸಂಭಾಷಣೆಯ ರೂಪದಲ್ಲಿದೆ. ಶಿಷ್ಯ ದುಡುಕುತ್ತಾನೆ, ತಪ್ಪುತ್ತಾನೆ, ಗುರು ತಿದ್ದುತ್ತಾನೆ. ಒಬ್ಬರೇ ಉಪನ್ಯಾಸ ಕೊಟ್ಟರೆ ನೋಡುಗರು ಎದ್ದು ಹೋಗುತ್ತಾರೆ, ಇಬ್ಬರು ಮಾತಿಗಿಳಿದರೆ ಕೂತು ಕೇಳುತ್ತಾರೆಂಬುದು ದೂರದರ್ಶನದಲ್ಲಿ ದುಡಿಯುವ ನಮಗೆ ಅನುಭವದಿಂದ ಬಂದ ಪಾಠ. ರೆಕಾರ್ಡ್‌ಗೆ ಅದು ಆಗಲೇ ತಿಳಿದಿತ್ತು. ಒಂದು ಶತಮಾನಕ್ಕೂ ಮೀರಿ ಆ ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು.

1557ರಲ್ಲಿ ಬಂತು ಬೀಜಗಣಿತದ 'ದಿ ವೆಟ್‌ಸ್ಟೋನ್ ಆಫ್ ವಿಟ್', ಎಂದರೆ ಬುದ್ಧಿಯ ಸಾಣೆಕಲ್ಲು. 'ಇದಕ್ಕೆ ಸಮ' ಎಂದು ಪದೇ ಪದೇ ಬರೆಯುವ ಬೇಸರ ತಪ್ಪಿಸಲು, ಒಂದೇ ಉದ್ದದ ಎರಡು ಸಮಾನಾಂತರ ಗೆರೆಗಳನ್ನು ಅವನು ಇಲ್ಲಿ ಬಳಸಿದ. ಅವುಗಳಿಗಿಂತ ಹೆಚ್ಚು ಸಮವಾದ ಎರಡು ವಸ್ತುಗಳು ಇರಲಾರವೆಂಬುದೇ ಅವನು ಕೊಟ್ಟ ಕಾರಣ. ಗೆರೆಗಳು ಇಂದಿನವುಗಳಿಗಿಂತ ಬಹಳ ಉದ್ದ. ಜಗತ್ತೇನೂ ತಕ್ಷಣ ಒಪ್ಪಲಿಲ್ಲ. ಆ ಚಿಹ್ನೆ ಮತ್ತೆ ಅಚ್ಚಿನಲ್ಲಿ ಕಂಡದ್ದು 1618ರಲ್ಲಿ. 1637ರಲ್ಲಿ ಡೆಕಾರ್ಟ್ ಬೇರೊಂದು ಚಿಹ್ನೆಯನ್ನೇ ಬಳಸಿದ.

ಇನ್ನು ಅವನ ಬಾಳಿನ ಮಾತು. ಬ್ರಿಸ್ಟಲ್ ಟಂಕಸಾಲೆಯ ಅಧಿಕಾರಿಯಾಗಿ, ಬಳಿಕ ಐರ್ಲೆಂಡಿನ ಗಣಿಗಳ ಮೇಲ್ವಿಚಾರಕನಾಗಿ ದುಡಿದ ರೆಕಾರ್ಡ್, ಪ್ರಬಲ ಶ್ರೀಮಂತ ಪೆಂಬ್ರೋಕ್‌ನ ಅರ್ಲ್ ವಿಲಿಯಂ ಹರ್ಬರ್ಟ್‌ನನ್ನು ಎದುರು ಹಾಕಿಕೊಂಡ. ಅರ್ಲ್ ಕರ್ತವ್ಯಭ್ರಷ್ಟನೆಂದು ದೂರಿದ. ಅರ್ಲ್ ಮಾನನಷ್ಟದ ದಾವೆ ಹೂಡಿ ಗೆದ್ದ. 1557ರಲ್ಲಿ ರೆಕಾರ್ಡ್ ತೆರಬೇಕಾಗಿ ಬಂದದ್ದು 1000 ಪೌಂಡ್, ಅಂದಿಗೆ ಅಪಾರ ಮೊತ್ತ. ಮರುವರ್ಷ ಲಂಡನ್ನಿನ ಕಿಂಗ್ಸ್ ಬೆಂಚ್ ಸೆರೆಮನೆಯಲ್ಲೇ ಅವನು ತೀರಿಕೊಂಡ.

'ಸಾಣೆಕಲ್ಲಿ'ನ ಕೊನೆಯ ಪುಟವನ್ನು ಬಲ್ಲವರು ಮರೆಯುವುದಿಲ್ಲ. ಪಾಠ ಸಾಗಿದೆ. ಯಾರೋ ಅವಸರವಾಗಿ ಬಾಗಿಲು ತಟ್ಟುತ್ತಾರೆ. ಬಂದವನು ದೂತ, ಸುದ್ದಿಯನ್ನು ಗುರುವಿನ ಕಿವಿಯಲ್ಲಿ ಉಸುರುತ್ತಾನೆ. ಇನ್ನು ಓದು, ಬೋಧನೆ ಎಲ್ಲವನ್ನೂ ಬಿಟ್ಟು ಒದಗಿದ ಅಪಾಯವನ್ನು ಎದುರಿಸಬೇಕಾಗಿದೆ ಎನ್ನುತ್ತಾನೆ ಗುರು. ಪಾಠ ಅಲ್ಲಿಗೇ ನಿಲ್ಲುತ್ತದೆ.