ಕೋವಿ, ಕುಡಿತ ಮತ್ತು ಕಾಯಿದೆ



ಕೊಡಗಿನಲ್ಲಿ ಕೋವಿ ಬರಿಯ ಆಯುಧವಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ಸುದ್ದಿ ತಿಳಿಸುವುದು ಹಿಂದಿನಿಂದ ಬಂದ ಪದ್ಧತಿ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರು ಕೊಡವರನ್ನು ನಿಶ್ಶಸ್ತ್ರೀಕರಣದ ಕಾಯಿದೆಯಿಂದ ಹೊರಗಿಟ್ಟರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮುಂದುವರಿಸಿತು. 2021ರಲ್ಲಿ ರಾಜ್ಯದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಅದಕ್ಕೊಂದು ಗಡುವುಂಟು: 2029ರ ಅಕ್ಟೋಬರ್ 31.

ಹಬ್ಬದ ಊಟದಲ್ಲಿ ಮದ್ಯವೂ ನಮಗೆ ಹೊಸದಲ್ಲ. ಎರಡು ಬಗೆಯ 'ಗುಂಡೂ' ಒಂದೇ ಅಂಗಳದಲ್ಲಿ ಸೇರಿದರೆ ಏನು ಗತಿ?

ಆಯುಧ ಮತ್ತು ಕುಡಿತದ ಈ ಜೋಡಿಯನ್ನು ಬ್ರಿಟನ್ ಒಂದೇ ಕಾಯಿದೆಯಿಂದ ಹಿಡಿಯಲು ಹೊರಟಿತು. 2006ರ ಆ ಶಾಸನ ಚೂರಿ ಕೊಳ್ಳುವ ವಯಸ್ಸನ್ನು 16ರಿಂದ 18ಕ್ಕೇರಿಸಿತು. ನಿಜದಂತೆ ತೋರುವ ನಕಲಿ ಕೋವಿಗಳ ಮಾರಾಟವನ್ನು ತಡೆಯಿತು. ಕುಡಿದು ಪುಂಡಾಟವಾಡಿದವನನ್ನು 2 ವರ್ಷದವರೆಗೆ ಮದ್ಯದಂಗಡಿಗಳಿಂದ ದೂರವಿಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. ಗಲಭೆಯ ಬೀದಿಗಳನ್ನು ಗುರುತಿಸಿ, ಕಾವಲಿನ ಖರ್ಚನ್ನು ಅಲ್ಲಿನ ಮದ್ಯದಂಗಡಿಗಳಿಂದಲೇ ವಸೂಲು ಮಾಡುವ ಏರ್ಪಾಡೂ ಅದರಲ್ಲಿತ್ತು. ಊರಿಗೆ ಕೆಟ್ಟ ಹೆಸರು ಬಂದೀತೆಂಬ ಅಳುಕಿತ್ತು. ಯಾವ ಪಟ್ಟಣವೂ ಅಂಥ ವಲಯವನ್ನು ಘೋಷಿಸಲಿಲ್ಲ. 2011ರ ಶಾಸನ ಆ ಏರ್ಪಾಡನ್ನು ತೆಗೆದುಹಾಕಿತು. ಊರು ಒಪ್ಪಿ ಕೈಗೆತ್ತಿಕೊಳ್ಳದ ಕಾಯಿದೆ ಕಾಗದದಲ್ಲೇ ಉಳಿಯುತ್ತದೆ.

ನಮ್ಮ ದೇಶದಲ್ಲೂ ಕಾಯಿದೆ ಬಿಗಿಯಾಗಿದೆ. ಸಂಭ್ರಮದಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತಂದವನಿಗೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಸೆರೆವಾಸ, ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಮದುವೆಯ ಚಪ್ಪರವೂ ಇದಕ್ಕೆ ಹೊರತಲ್ಲ. ನಮಗಿರುವ ವಿನಾಯಿತಿ ಪರವಾನಗಿಗೆ ಮಾತ್ರ, ಅಜಾಗರೂಕತೆಗಲ್ಲ.

ಆದರೆ ಪೊಲೀಸರು ಬರುವುದು ಗುಂಡು ಹಾರಿದ ಮೇಲೆ. ಅದಕ್ಕೆ ಮೊದಲಿನ ಕಾವಲು ಮನೆಯದೇ. ಆ ಕಾವಲು ನಮ್ಮ ಆಚಾರದಲ್ಲಿಯೇ ಇದೆ. ಗದ್ದೆಯ ಕೆಲಸ ಮುಗಿಯುವವರೆಗೆ ಆಯುಧಗಳನ್ನು ಒಳಗಿಟ್ಟು, ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತದಂದು ತೋಕ್ ಪೂ ಮುಡಿಸಿ ಪೂಜಿಸಿದ ಮೇಲೆಯೇ ಹಿರಿಯರು ಅವನ್ನು ಕೈಗೆತ್ತಿಕೊಳ್ಳುತ್ತಿದ್ದರು. ಕೋವಿಗೂ ಒಂದು ಹೊತ್ತುಂಟು, ಒಂದು ಕಟ್ಟುಂಟು ಎಂಬುದೇ ಇದರ ತಿರುಳು. ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ಮುಗಿಯಲಿ. ಕೋವಿ ಖಾಲಿಯಾಗಿ ಒಳಸೇರಿ ಬೀಗ ಬೀಳಲಿ. ಆಮೇಲೆ ಬಾಟಲಿಯ ಬಿರಡೆ ತೆಗೆಯಲಿ. ಇಷ್ಟನ್ನು ಹೇಳಲು ಮನೆಯ ಹಿರಿಯರಿಗೆ ಯಾವ ಶಾಸನಸಭೆಯ ಅಪ್ಪಣೆಯೂ ಬೇಡ.

ಒಬ್ಬನ ಅಮಲು ಒಂದು ಜೀವವನ್ನು ತೆಗೆದೀತು; ಇಡೀ ನಾಡು ಕಾಪಾಡಿಕೊಂಡು ಬಂದ ವಿಶ್ವಾಸವನ್ನೂ ಕಳೆದೀತು. 2029ರಲ್ಲಿ ಸರಕಾರದ ಮುಂದೆ ಮತ್ತೆ ವಿನಾಯಿತಿ ಕೇಳಲು ನಿಂತಾಗ, 1861ರ ಹೊಗಳಿಕೆಗಿಂತ ಈ ವರ್ಷಗಳ ನಮ್ಮ ನಡತೆಯೇ ಹೆಚ್ಚು ಮಾತಾಡೀತು.