ರಜೆ ಒಂದಿನ, ಬುತ್ತಿ ಆರು ದಿನ: ಫ್ರೀಜರ್‌ನಾಗ ಏನಿಡೋದು, ಏನ್ ಬಿಡೋದು

ಇವತ್ತಿನ ಮಾತು ಅಡುಗೆ ಬಗ್ಗೆ. ಆದರೆ ನಾನು ಬಿ.ಕಾಂ. ಓದಿದವ, ಹಂಗಾಗಿ ರೆಸಿಪಿಗಿಂತ ಲೆಕ್ಕಾನೇ ಜಾಸ್ತಿ ಬರ್ತದ. ಸ್ವಲ್ಪ ಸಹಿಸ್ಕೊಳ್ರಿ.

ಆದಿತ್ಯನಗರ, ಸೇಡಂ, ವಾಡಿ ಕಡೆ ಇರೋರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಸಿಮೆಂಟ್ ಫ್ಯಾಕ್ಟರಿಯ ಕಿಲ್ನ್ ಹಗಲು ರಾತ್ರಿ ಉರಿಯುತ್ತಲೇ ಇರಬೇಕು. ಅದು ಆರೋದಿಲ್ಲ, ಹಾಗಾಗಿ ಮಂದಿಯೂ ಪಾಳಿ ಮೇಲೆ. ಒಂದು ವಾರ ಮುಂಜಾನೆ ಪಾಳಿ, ಇನ್ನೊಂದು ವಾರ ರಾತ್ರಿ ಪಾಳಿ. ರಾತ್ರಿ ಹನ್ನೊಂದಕ್ಕೆ ರೂಮಿಗೆ ಬಂದವರು ಯಾರೂ ಕುಕ್ಕರ್ ಇಡೋದಿಲ್ಲ. ಸಂಜೆ ಕಟ್ಟಿಸ್ಕೊಂಡ ಮಿರ್ಚಿ ಭಜಿ, ತಣ್ಣಗಾದ ಸುಸಲಾ, ಇಲ್ಲಾಂದ್ರ ಎರಡು ಬಿಸ್ಕಿಟ್ ಪ್ಯಾಕೆಟ್. ತಿಂಗಳ ಕೊನೆಗೆ ಕೂಡಿಸಿ ನೋಡಿದರೆ ಹೊಟ್ಟೆ ತುಂಬಿರೋದಿಲ್ಲ, ಜೇಬು ಮಾತ್ರ ಖಾಲಿ. ಕಲಬುರಗಿಗೆ ದಿನಾ ರೈಲಿನಲ್ಲಿ ಓಡಾಡೋ ಹುಡುಗ ಹುಡುಗಿಯರ ಕತೆಯೂ ಹೆಚ್ಚು ಕಮ್ಮಿ ಇದೇ.

ಇದಕ್ಕೆ ಮೊಬೈಲ್ ಕೊಡೋ ಉತ್ತರ ಏನು? ಮೀಲ್ ಪ್ರೆಪ್. ರೀಲ್ಸ್‌ನಲ್ಲಿ ಒಬ್ಬರು ಹದಿನಾಲ್ಕು ಗಾಜಿನ ಡಬ್ಬಿ ಸಾಲಾಗಿ ಇಡ್ತಾರೆ, ಪಾಸ್ತಾ, ಬ್ರೊಕೊಲಿ, ಚಿಕನ್ ಬ್ರೆಸ್ಟ್ ತುಂಬ್ತಾರೆ, ಬೀರುವಿನಷ್ಟು ದೊಡ್ಡ ಫ್ರಿಜ್ ತೆಗೆದು ಒಳಗೆ ಜೋಡಿಸ್ತಾರೆ. ನಮ್ಮ ಬಾಡಿಗೆ ರೂಮಿನಲ್ಲಿ ಇರೋದು ಸಿಂಗಲ್ ಡೋರ್ ಫ್ರಿಜ್. ಅದರ ಫ್ರೀಜರ್ ಅಂದ್ರೆ ನಾಲ್ಕು ಇಟ್ಟಂಗಿ ಇಡೋವಷ್ಟು ಜಾಗ, ಅದರಲ್ಲೂ ಅರ್ಧ ಹಿಮ ಕಟ್ಟಿರ್ತದ. ಅದಕ್ಕೆ ನನ್ನ ಪ್ರಶ್ನೆ ಬೇರೆ. ಇಷ್ಟೇ ಜಾಗ ಇರುವಾಗ ಅಲ್ಲಿ ಕೂರೋ ಯೋಗ್ಯತೆ ಯಾವ ಪದಾರ್ಥಕ್ಕಿದೆ?

ರೊಟ್ಟಿಗೆ ಇಲ್ಲ. ಅದಕ್ಕೆ ಬೇಕಾಗಿಯೂ ಇಲ್ಲ. ಒಂದು ದಿನ ಕೂತು ಬಡಿದು, ಬೇಯಿಸಿ, ಒಣಗಿಸಿ ಇಟ್ಟ ಖಡಕ್ ಜೋಳದ ರೊಟ್ಟಿ ತಿಂಗಳುಗಟ್ಟಲೆ ಇರ್ತದ. ಕಾರಣ ಸರಳ: ಅದರಲ್ಲಿ ನೀರಿನಂಶ ಇಲ್ಲ, ನೀರಿಲ್ಲದ ಕಡೆ ಬೂಸ್ಟು ಬೆಳೆಯೋದಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಕೂಡ ಹಂಗೇ. ಎಳ್ಳಮಾಸಿಗೆ ಹೊಲಕ್ಕೆ ಹೋಗೋ ಮುಂಚೆ ನಮ್ಮ ಮನೆಗಳಲ್ಲಿ ಸಜ್ಜಿ ರೊಟ್ಟಿ ಎಷ್ಟು ದಿನ ಮೊದಲೇ ತಯಾರಾಗ್ತದ ನೆನಪು ಮಾಡ್ಕೊಳ್ರಿ. ಬ್ಯಾಚ್ ಕುಕಿಂಗ್ ಅನ್ನೋ ಹೆಸರಿಲ್ಲದೇ ಆ ಕೆಲಸ ನಡೆದುಕೊಂಡು ಬಂದದ, ಅದೂ ಕರೆಂಟ್ ಇಲ್ಲದೆ. ರೊಟ್ಟಿ ಬಡಿಯೋಕೆ ಬರೋದಿಲ್ಲ ಅನ್ನೋರು ಕೊಂಡು ತರಬಹುದು. ಮಹಿಳಾ ಸ್ವಸಹಾಯ ಸಂಘಗಳ 'ಕಲಬುರಗಿ ರೊಟ್ಟಿ' ಬಗ್ಗೆ 2025ರ ಜೂನ್‌ನಲ್ಲಿ ಪ್ರಧಾನಿ ಮನ್ ಕೀ ಬಾತ್‌ನಲ್ಲೂ ಮಾತಾಡಿದ್ದರು. ಮಳೆಗಾಲದಲ್ಲಿ ಮಾತ್ರ ಬಿಗಿ ಮುಚ್ಚಳದ ಡಬ್ಬಿ ಬೇಕು, ಇಲ್ಲಾಂದ್ರ ಮೆತ್ತಗಾಗಿ ವಾಸನೆ ಹಿಡಿತದ.

ಅಂದ್ರ ಅರ್ಧ ಊಟ ಆಗಲೇ ಕಪಾಟಿನಲ್ಲಿದೆ. ಉಳಿದಿದ್ದು ಅದಕ್ಕೆ ನೆಂಚಿಕೊಳ್ಳೋ ಬ್ಯಾಳಿ, ಕಾಳು, ಪಲ್ಯ. ಹೊತ್ತು ಹಿಡಿಯೋದೂ ಇದೇ, ಬೇಗ ಹಳಸೋದೂ ಇದೇ. ಫ್ರೀಜರ್ ಇದಕ್ಕೆ.

ಈಗ ಲೆಕ್ಕ. ನಾವಿರೋದು ತೊಗರಿ ಕಣಜದಾಗ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಒಬ್ಬರ ಒಂದು ಹೊತ್ತಿಗೆ 50 ಗ್ರಾಂ ಒಣ ಬೇಳೆ ಅಂತ ಇಟ್ಕೊಳ್ರಿ. ಅದರಲ್ಲಿ ಸುಮಾರು 11 ಗ್ರಾಂ ಪ್ರೋಟೀನ್ ಇರ್ತದ. ಒಂದು ಕಿಲೋಗೆ 20 ಡಬ್ಬಿ. ಹಾಗಾಗಿ ನಿಮ್ಮ ಅಂಗಡಿಯಲ್ಲಿ ಕಿಲೋ ದರ ಎಷ್ಟೋ ಅದನ್ನು 20ರಿಂದ ಭಾಗಿಸಿದರೆ ಒಂದು ಡಬ್ಬಿಯ ಬೇಳೆ ಖರ್ಚು. ಕಿಲೋಗೆ 160 ರೂಪಾಯಿ ಅಂತ ಹಿಡಿದರೆ ಡಬ್ಬಿಗೆ 8 ರೂಪಾಯಿ. ಮೇಲೆ ಗ್ಯಾಸು, ಎಣ್ಣೆ, ಬಳ್ಳೊಳ್ಳಿ ಅಂತ ಇನ್ನೊಂದಿಷ್ಟು ಸೇರಿಸಿದರೂ ಒಂದು ಪ್ಲೇಟ್ ಭಜಿಯ ಹತ್ತಿರ ಬಂದು ನಿಲ್ತದ. ಆದರೆ ಇದು ಊಟ.

ಮಾಡೋ ರೀತಿ ಹಿಂಗ. ಅರ್ಧ ಕಿಲೋ ಬೇಳೆ, ಅರಿಶಿನ, ಎರಡು ಟೊಮೆಟೊ ಹಾಕಿ ಕುಕ್ಕರ್‌ನಲ್ಲಿ ಬೇಯಿಸ್ರಿ. ನೀರು ಕಮ್ಮಿ ಹಾಕಿ ಗಟ್ಟಿಯಾಗೇ ಇಡ್ರಿ, ಜಾಗ ಉಳಿತದ, ತಿನ್ನೋವಾಗ ಬಿಸಿನೀರು ಬೆರೆಸಿದರಾಯ್ತು. ಒಗ್ಗರಣೆ ಮಾತ್ರ ಈಗ ಬೇಡ. ಇದು ನನ್ನ ಹಠ ಅಂತಾನೇ ಅನ್ಕೊಳ್ರಿ. ತಿನ್ನೋ ಹೊತ್ತಿಗೆ ಎರಡು ನಿಮಿಷದಲ್ಲಿ ಸಾಸಿವೆ, ಜೀರಿಗೆ, ಬಳ್ಳೊಳ್ಳಿ, ಕರಿಬೇವು ಚಟಪಟ ಅಂದ್ರ, ಮೂರು ದಿನದ ಹಿಂದಿನ ಬೇಳೆ ಅಂತ ಯಾರಿಗೂ ಗೊತ್ತಾಗೋದಿಲ್ಲ. ಒಂದೇ ಬೇಳೆಗೆ ಒಂದಿನ ಮೆಂತ್ಯ ಸೊಪ್ಪು, ಇನ್ನೊಂದಿನ ಹುಣಸಿ ಹುಳಿ ಹಾಕಿ ಸಾರು, ಮತ್ತೊಂದಿನ ಪಾಲಕ್. ಬೇಜಾರೂ ಆಗೋದಿಲ್ಲ.

ಎರಡನೇ ಒಲೆಯ ಮೇಲೆ ಕಾಳು. ಮಡಕಿ, ಹೆಸರು, ಕಡ್ಲಿ, ಯಾವುದಾದ್ರೂ. ಹಿಂದಿನ ರಾತ್ರಿ ನೆನೆ ಹಾಕಿ, ಬರೀ ಉಪ್ಪು ಹಾಕಿ ಬೇಯಿಸಿ ಇಟ್ಕೊಂಡ್ರೆ ಉಸುಳಿಗೂ ಆಯ್ತು, ಪಲ್ಯಕ್ಕೂ ಆಯ್ತು. ಪುಂಡಿ ಪಲ್ಯ ಫ್ರೀಜರ್‌ಗೆ ಹೇಳಿ ಮಾಡಿಸಿದ್ದು, ಮೊದಲೇ ಕುದಿಸಿ ಮಸೆದದ್ದಾದ್ದರಿಂದ ಕರಗಿದಾಗ ರೂಪ ಕೆಡೋ ಭಯ ಇಲ್ಲ. ಆಲೂಗಡ್ಡೆ ಬೇಡ, ಹಿಟ್ಟುಹಿಟ್ಟಾಗಿ ಮರಳಿನಂಗ ಆಗ್ತದ. ಸೌತಿಕಾಯಿ ನೀರು ಬಿಡ್ತದ. ಮಜ್ಜಿಗಿ ಸಾರು ಒಡಿತದ.

ಇಲ್ಲಿ ಒಂದು ಕಡೆ ನಿಧಾನ ಮಾಡಬೇಕು. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟ್ತದ. ಬೇಯಿಸಿದ ಪದಾರ್ಥ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು ಅಂತ ಸಾಮಾನ್ಯ ನಿಯಮ. ಸುತ್ತಲಿನ ಬಿಸಿ 32 ಡಿಗ್ರಿ ಮೀರಿದ್ರೆ ಒಂದೇ ಗಂಟೆ. ಸೇಡಂನ ಮೇ ತಿಂಗಳಿಗೆ ಆ ಎರಡನೇ ನಿಯಮವೇ ಅನ್ವಯ. "ಆರಲಿ ಬಿಡು, ಸಂಜೆ ಎತ್ತಿಡ್ತೀನಿ" ಅಂತ ಕುಕ್ಕರ್ ಮುಚ್ಚಿಟ್ಟು ಮಲಗಿದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಫ್ರೀಜರ್ ಅವನ್ನು ಕೊಲ್ಲೋದಿಲ್ಲ, ಮಲಗಿಸ್ತದ ಅಷ್ಟೇ. ಅದಕ್ಕೆ ಬೇಳೆಯನ್ನು ಅಗಲವಾದ ಪರಾತಕ್ಕೆ ತೆಳ್ಳಗೆ ಸುರಿದು, ಪರಾತವನ್ನು ತಣ್ಣೀರಿನ ಬೋಗಣಿಯಲ್ಲಿಟ್ಟು, ಮೇಲೆ ಫ್ಯಾನ್ ಹಾಕ್ರಿ. ಅರ್ಧ ಗಂಟೆಯಲ್ಲಿ ಡಬ್ಬಿಗೆ ತುಂಬೋ ಹದಕ್ಕೆ ಬರ್ತದ. ಡಬ್ಬಿ ಅಂಚಿನ ತನಕ ತುಂಬಬೇಡ್ರಿ, ನೀರು ಹೆಪ್ಪುಗಟ್ಟಿದಾಗ ಉಬ್ಬುತ್ತದೆ. ಜಿಪ್ ಕವರ್‌ಗೆ ಹಾಕಿ ಚಪ್ಪಟೆಯಾಗಿ ಮಲಗಿಸಿದರೆ ಆ ನಾಲ್ಕು ಇಟ್ಟಂಗಿ ಜಾಗದಲ್ಲೇ ವಾರದ ಬೇಳೆ ಹಿಡಿತದ. ಮೇಲೆ ತಾರೀಖು ಬರೀರಿ.

ಇನ್ನು ಲೆಕ್ಕದಲ್ಲಿ ಯಾರೂ ಬರೆಯದ ಒಂದು ಖರ್ಚು. ರಜೆ ದಿನ ಈ ಎರಡೂವರೆ ಗಂಟೆ ಒಲೆ ಮುಂದೆ ನಿಲ್ಲೋರು ಯಾರು? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡೋರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ಕೊಡ್ತಾರೆ, ಗಂಡಸರು 88. ಮಗ ಪಾಳಿ ಮುಗಿಸಿ ಮಲಗಿ, ಅವ್ವ ತನ್ನ ಭಾನುವಾರ ಪೂರ್ತಿ ನಿಂತು ಹತ್ತು ಡಬ್ಬಿ ತುಂಬಿಕೊಟ್ಟರೆ ಅಲ್ಲಿ ಉಳಿತಾಯ ಏನೂ ಆಗಿಲ್ಲ. ಖರ್ಚು ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹೋಯ್ತು, ಅಷ್ಟೇ. ಅದೂ ಕೂಲಿ ಕಾಲಂನಲ್ಲಿ ಸೊನ್ನೆ ಬರೆದು. ನೋಡ್ರಿ, ರೊಟ್ಟಿ ಬಡಿಯೋಕೆ ಕೈ ಪಳಗಬೇಕು, ಒಪ್ಪಿದೆ. ಬೇಳೆ ಬೇಯಿಸೋಕೆ ಏನೂ ಬೇಕಾಗಿಲ್ಲ. ಸೀಟಿ ಎಣಿಸೋಕೆ ಬಂದರೆ ಸಾಕು. ರೂಮಿನಲ್ಲಿ ಮೂವರಿದ್ರೆ ಒಂದು ವಾರ ಒಬ್ಬರ ಪಾಳಿ. ಹೆಂಗೂ ಪಾಳಿ ನಮಗೆ ಹೊಸದಲ್ಲ.

ಕೊನೆಗೆ ಕರೆಂಟ್. ಒಳ್ಳೆ ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿ ಇರಬೇಕು. ಅಲ್ಲಿ ಬೇಳೆ, ಕಾಳು ಎರಡು ಮೂರು ತಿಂಗಳು ರುಚಿ ಕೆಡದೇ ಇರ್ತವೆ. ಸಿಂಗಲ್ ಡೋರ್ ಫ್ರಿಜ್‌ನ ಪೆಟ್ಟಿಗೆಯನ್ನು ಅಷ್ಟು ನಂಬೋಕಾಗೋದಿಲ್ಲ. ನಿಮ್ಮದರಲ್ಲಿ ಐಸ್‌ಕ್ರೀಮ್ ಕಲ್ಲಿನಂತೆ ಗಟ್ಟಿ ನಿಲ್ಲೋದಿಲ್ಲ ಅಂದ್ರ, ವಾರದೊಳಗೆ ಮುಗಿಸೋವಷ್ಟೇ ಮಾಡ್ರಿ. ಕರೆಂಟ್ ಹೋದಾಗ ಬಾಗಿಲು ತೆಗೀಬೇಡ್ರಿ. ದೊಡ್ಡ ಫ್ರೀಜರ್ ತುಂಬಿದ್ರೆ ಎರಡು ದಿನ ತಡೀತದ, ನಮ್ಮ ಪುಟ್ಟ ಪೆಟ್ಟಿಗೆ ಅದರ ಹತ್ತಿರವೂ ಬರೋದಿಲ್ಲ. ಊರಿಗೆ, ಜಾತ್ರೆಗೆ ಅಂತ ಎರಡು ದಿನ ರೂಮ್ ಬೀಗ ಹಾಕಿ ಹೋಗೋರಿಗೆ ಒಂದು ಉಪಾಯ: ಸಣ್ಣ ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗ್ರಿ. ವಾಪಸ್ ಬಂದಾಗ ನಾಣ್ಯ ಮೇಲೇ ಇದ್ರೆ ಸರಿ. ತಳಕ್ಕೆ ಇಳಿದಿದ್ರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ. ಆ ಡಬ್ಬಿಗಳನ್ನ ಮೂಸಿ ನೋಡೋ ಶಾಣ್ಯಾತನ ಬೇಡ, ಚೆಲ್ಲಿಬಿಡ್ರಿ.

ತಿನ್ನೋ ಹಿಂದಿನ ದಿನ ಡಬ್ಬಿಯನ್ನ ಫ್ರಿಜ್‌ನ ಕೆಳಗಿನ ಖಾನೆಗೆ ಇಳಿಸ್ರಿ. ಮರೆತಿದ್ರೆ ಗಟ್ಟಿ ತುಂಡನ್ನೇ ಪಾತ್ರೆಗೆ ಹಾಕಿ, ಅರ್ಧ ಲೋಟ ನೀರು ಸುರಿದು, ಸಣ್ಣ ಉರಿಯಲ್ಲಿ ಪೂರ್ತಿ ಕುದಿಯೋತನಕ ಬಿಸಿ ಮಾಡ್ರಿ. ಒಮ್ಮೆ ಕರಗಿಸಿದ್ದನ್ನ ಮತ್ತೆ ಫ್ರೀಜರ್‌ಗೆ ಇಡಂಗಿಲ್ಲ. ರಾತ್ರಿ ಹನ್ನೊಂದಕ್ಕೆ ಬಂದ್ರೂ, ಕೈಕಾಲು ತೊಳೆದು ಒಗ್ಗರಣೆ ಕೊಡೋದರೊಳಗೆ ಖಡಕ್ ರೊಟ್ಟಿ ಮುರಿದು ತಾಟಿನಾಗ ಹಾಕ್ಕೊಂಡಿರ್ತೀರಿ. ಬಿಸಿ ಬೇಳೆ ಸುರಿದು ಐದು ನಿಮಿಷ ನೆನೆಯೋಕೆ ಬಿಡ್ರಿ, ಮೇಲೆ ಒಂದು ಹಸಿ ಉಳ್ಳಾಗಡ್ಡಿ.