ಓಟು ಆಕೆಯದು, ರಜೆ ನಮ್ಮ ಕೈಲಿ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳು)

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಹನ್ನೊಂದಾದರೆ ಗಂಟೆ ಬಾರಿಸಿ, ಬೇಜಾರಿಲ್ಲ.

ನನ್ನ ಸೊಸೆ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಒಂದು ಭಾನುವಾರ ಫೋನಿನಲ್ಲಿ, "ಅತ್ತೆ, ಇಲ್ಲಿ ಶಾಲಾ ಮಂಡಳಿಗೆ ಎಲೆಕ್ಷನ್ನು. ಜೊತೆಗೆ ಶಾಲೆ ಕಟ್ಟಡಕ್ಕೆ ಸಾಲ ಎತ್ತಬೇಕೋ ಬೇಡವೋ ಅಂತ ಊರವರನ್ನೇ ಓಟು ಕೇಳ್ತಾರೆ" ಅಂದಳು. ನನಗೆ ಬೆರಗು. ಆ ಸಾಲವನ್ನು ತೀರಿಸುವುದು ಊರವರ ಮನೆ ತೆರಿಗೆಯಿಂದಲೇ ಅಂತೆ. ಮೊದಲು ಅದಕ್ಕೆ ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು. 2000ನೇ ಇಸವಿಯಲ್ಲಿ ಜನರೇ ಮತ ಹಾಕಿ ಅದನ್ನು 55 ಪರ್ಸೆಂಟಿಗೆ ಇಳಿಸಿಕೊಂಡರು. "ಆದರೆ ನಾವು ತೆರಿಗೆ ಕಟ್ಟಬಹುದು, ಓಟು ಹಾಕೋ ಹಾಗಿಲ್ಲ, ಪೌರತ್ವ ಇಲ್ವಲ್ಲ" ಅಂದಳು. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 2016ರಲ್ಲಿ ಜನ ಮತ ಹಾಕಿ, ಪೌರರಲ್ಲದ ತಂದೆ ತಾಯಿಯರಿಗೂ ಶಾಲಾ ಮಂಡಳಿಯ ಚುನಾವಣೆಯಲ್ಲಿ ಓಟು ಕೊಟ್ಟಿದ್ದಾರಂತೆ. ಮಗ ಸೊಸೆ ಇರುವುದು ಬೇರೆ ಊರಲ್ಲಿ.

ಕೊನೆಗೆ ಕೇಳಿದಳು: "ನಮ್ಮಲ್ಲಿ ಶಾಲೆಗೆ ಯಾರು ಓಟು ಹಾಕ್ತಾರೆ ಅತ್ತೆ?" ನಾನು ಜಂಬದಿಂದಲೇ "ಯಾರೂ ಇಲ್ಲಮ್ಮ, ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ" ಅಂದೆ.

ಅದು ತಪ್ಪು ಅಂತ ಗೊತ್ತಾದದ್ದು ನನ್ನ ಅಡುಗೆಮನೆಯಲ್ಲೇ.

ನಮ್ಮ ಮನೆ ಕೆಲಸಕ್ಕೆ ಬರುವ ಹೆಂಗಸು ನಾರಾಯಣಪೇಟೆ ಕಡೆಯವಳು. ಗಂಡ ಗಾರೆ ಕೆಲಸ ಮಾಡುತ್ತಾನೆ. ಕನ್ನಡ, ತೆಲುಗು ಎರಡೂ ಬೆರೆಸಿ ಮಾತಾಡುತ್ತಾಳೆ. 2024ರ ಜನವರಿಯಲ್ಲಿ ಒಂದು ದಿನ ಪಾತ್ರೆ ತೊಳೆಯುತ್ತಲೇ ಹೇಳಿದಳು: "ಅಮ್ಮಾರ, ನಾಳಿ ಸಾಲ್ಯಾಗ ಎಲೆಕ್ಷನ್ ಅದ ಅಂತ. ಟೀಚರಮ್ಮ ಬರ್ರಿ ಅಂದಾರ."

ನಾನು ಏನಂದೆ ಗೊತ್ತೇ? "ಹಾಗಾದರೆ ನಾಳೆ ಪಾತ್ರೆ?"

ಇದನ್ನು ಮುಚ್ಚಿಟ್ಟು ಭಾಷಣ ಮಾಡಿದರೆ ಸರಿಯಲ್ಲ, ಅದಕ್ಕೇ ಹೇಳಿಬಿಟ್ಟೆ. ಆಕೆ ಸುಮ್ಮನಾದಳು. ಅರ್ಧ ಗಂಟೆ ಬಿಟ್ಟು, ಹೋಗುವಾಗ ಬಾಗಿಲ ಹತ್ತಿರ ನಿಂತು ಅಂದಳು: "ಹುಡುಗಿ ಸಾಲಿಗಿ ಹೋಗಾಗ ನೀರ್ ಕುಡಿಯಂಗಿಲ್ರೀ. ಕುಡದ್ರ ಒಂದಕ್ಕ ಹೋಗ್ಬೇಕಾಗ್ತದ. ಅಲ್ಲಿ ನೀರಿಲ್ಲ, ಬಾಗ್ಲಿಗಿ ಚಿಲಕಿಲ್ಲ. ಬಾಟ್ಲಿ ತುಂಬಿ ಕಳಿಸ್ತೀನಿ, ಹಂಗೇ ವಾಪಸ್ ತರ್ತಾಳ."

ಹುಡುಗಿ ಆಗ ನಾಲ್ಕನೇ ಕ್ಲಾಸು. ಆ ತುಂಬಿದ ಬಾಟಲಿ ರಾತ್ರಿಯೆಲ್ಲ ನನ್ನ ಕಣ್ಣ ಮುಂದೆ ಇತ್ತು. ಬೆಳಿಗ್ಗೆ ಪಾತ್ರೆ ನಾನೇ ತೊಳೆದೆ. ಆಕೆಯ ಜೊತೆ ಶಾಲೆಗೂ ಹೋದೆ.

ಸ್ವಲ್ಪ ಕಾನೂನು ಹೇಳಿ ಮುಂದೆ ಹೋಗುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸರ್ಕಾರಿ ಶಾಲೆಗೊಂದು ಶಾಲಾ ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ನಾಲ್ಕನೇ ಮೂರು ಪಾಲು ಪೋಷಕರು, ಒಟ್ಟಾರೆ ಅರ್ಧದಷ್ಟು ಹೆಂಗಸರು. ತೆಲಂಗಾಣದಲ್ಲಿ ಪ್ರತಿ ತರಗತಿಯ ಪೋಷಕರು ತಮ್ಮಲ್ಲಿ ಮೂವರನ್ನು ಆರಿಸುತ್ತಾರೆ. ಶಾಲೆಗೆ ಬಂದ ಹಣ ಹೇಗೆ ಖರ್ಚಾಯಿತು ಎಂದು ನೋಡುವುದು, ಶಾಲೆಗೆ ಏನು ಬೇಕೆಂದು ಯೋಜನೆ ಬರೆಯುವುದು ಸಮಿತಿಯ ಕೆಲಸ. ನಮ್ಮ ಕರ್ನಾಟಕದಲ್ಲಿ ಇದು ಇನ್ನೂ ಹಳೆಯದು. ರಾಜಾ ರಾಮಣ್ಣ ಅವರ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲೇ ಎಸ್‌ಡಿಎಂಸಿಗಳು ಬಂದವು.

ಈಗ ಒಂದು ತಮಾಷೆ ನೋಡಿ. ಈ ಸೆಕ್ಷನ್ ಅನುದಾನರಹಿತ ಖಾಸಗಿ ಶಾಲೆಗಳಿಗೆ ಅನ್ವಯಿಸುವುದಿಲ್ಲ. ನಾವು ಎಚ್‌ಎಎಲ್ ನೌಕರಿಯ ಮೇಲೆ ಬೆಂಗಳೂರಿನಿಂದ ಇಲ್ಲಿಗೆ ಬಂದವರು. ಮಕ್ಕಳಿಬ್ಬರನ್ನೂ ಖಾಸಗಿ ಶಾಲೆಗೇ ಕಳಿಸಿದೆವು. ವರ್ಷಾ ವರ್ಷಾ ಫೀಸು ಏರಿಸಿದಾಗ ಗೇಟಿನ ಹೊರಗೆ ಗೊಣಗಿದೆವು, ಕಟ್ಟಿದೆವು. ನಮಗೆ ಓಟು ಇರಲಿಲ್ಲ. ಓಟು ಇರುವುದು ನಮ್ಮ ಮನೆಯ ಪಾತ್ರೆ ತೊಳೆಯುವವಳಿಗೆ. ಆದರೆ ಅದನ್ನು ಹಾಕಲು ಆಕೆಗೆ ರಜೆ ಇಲ್ಲ. ರಜೆ ಕೊಡಬೇಕಾದವಳು ನಾನು!

ಶಾಲೆಯ ವರಾಂಡದಲ್ಲಿ ಚಾಪೆ ಹಾಸಿದ್ದರು. ಅರ್ಧದಷ್ಟು ಪೋಷಕರಾದರೂ ಬರದಿದ್ದರೆ ಚುನಾವಣೆ ನಡೆಯುವುದಿಲ್ಲ ಎಂದು ಮೇಷ್ಟ್ರು ಹೇಳಿದರು. ಹತ್ತೂವರೆಗೂ ಸಂಖ್ಯೆ ಸಾಲಲಿಲ್ಲ. ಬಾಲಾನಗರದ ಕಾರ್ಖಾನೆಗಳಲ್ಲಿ ಬೆಳಗಿನ ಶಿಫ್ಟಿಗೆ ಹೋದವರು ಎಲ್ಲಿಂದ ಬರಬೇಕು? ಬಂದಿದ್ದವರು ಬಹುಪಾಲು ಹೆಂಗಸರು, ಮನೆಗೆಲಸ ಬಿಟ್ಟು ಬಂದವರು. ಇಬ್ಬರು ಗಳಿಗೆಗೊಮ್ಮೆ ಫೋನ್ ನೋಡುತ್ತಿದ್ದರು. ಆ ಫೋನಿನ ಆಚೆ ಇದ್ದದ್ದು ನಮ್ಮಂಥವರೇ, ಅನುಮಾನ ಬೇಡ.

ಅಂತೂ ಹನ್ನೊಂದರ ಹೊತ್ತಿಗೆ ಜನ ಕೂಡಿದರು, ಕೈ ಎತ್ತಿ ಆರಿಸಿದರು. ನಾಲ್ಕನೇ ತರಗತಿಯ ಮೂವರಲ್ಲಿ ನಮ್ಮಾಕೆ ಒಬ್ಬಳು. ಅಧ್ಯಕ್ಷಗಿರಿ ಬೇರೆಯವರಿಗೆ ಹೋಯಿತು. "ಯಾರಾದರೂ ಏನಾದರೂ ಕೇಳೋದಿದೆಯಾ?" ಎಂದರು ಮೇಷ್ಟ್ರು. ನಾನು ಬಾಯಿ ತೆರೆಯಲಿದ್ದೆ. ಅಷ್ಟರಲ್ಲಿ ಆಕೆಯೇ ಎದ್ದು ನಿಂತು ತೆಲುಗಿನಲ್ಲಿ ಕೇಳಿದಳು: "ಈ ವರ್ಷ ಶಾಲೆಗೆ ಎಷ್ಟು ದುಡ್ಡು ಬಂತು ಸಾರ್?"

ಎಲ್ಲರೂ ಗಪ್‌ಚುಪ್. ಮೇಷ್ಟ್ರು ಒಳ್ಳೆಯವರು, ಕೋಪ ಮಾಡಿಕೊಳ್ಳಲಿಲ್ಲ. ಒಳಗೆ ಹೋಗಿ ರಿಜಿಸ್ಟರ್ ತಂದರು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲಾ ಅನುದಾನ ಮಕ್ಕಳ ಲೆಕ್ಕದ ಮೇಲೆ ನಿಗದಿ. 101ರಿಂದ 250 ಮಕ್ಕಳಿದ್ದರೆ ವರ್ಷಕ್ಕೆ 50,000 ರೂಪಾಯಿ, 250 ದಾಟಿದರೆ 75,000. ಅದರಲ್ಲಿ ಕನಿಷ್ಠ ಹತ್ತನೇ ಒಂದು ಪಾಲು ಸ್ವಚ್ಛತೆಗೆ. ನಮ್ಮ ಶಾಲೆ 50,000ದ ಸಾಲಿನಲ್ಲಿತ್ತು. ಸೀಮೆಸುಣ್ಣ, ಕರೆಂಟು ಬಿಲ್ಲು, ಕಾಗದ, ಎಲ್ಲ ಇದರಲ್ಲೇ. ಸ್ವಚ್ಛತೆಗೆ 5,000. ಅಷ್ಟರಲ್ಲಿ ಮೋಟಾರು ರಿಪೇರಿ, ಟ್ಯಾಂಕು, ಚಿಲಕ ಎಲ್ಲ ಆಗುವುದು ಹೇಗೆ? ಸರಿ, ಕೊರತೆಗಳದ್ದೇ ಒಂದು ಪಟ್ಟಿ ಮಾಡೋಣ ಎಂದಾಯಿತು. ಆಕೆ ಹೇಳುತ್ತಾ ಹೋದಳು, ಐದನೇ ತರಗತಿಯ ಒಬ್ಬ ತಾಯಿ ಬರೆದಳು. ನಾನು ಕೂಡಿಸಿ ಕಳೆದು ಲೆಕ್ಕ ಸರಿ ನೋಡಿದೆ, ಅಷ್ಟೇ.

ಅದಾದ ಕೆಲವೇ ವಾರಗಳಲ್ಲಿ ತೆಲಂಗಾಣ ಸರ್ಕಾರ ಅಮ್ಮ ಆದರ್ಶ ಪಾಠಶಾಲಾ ಸಮಿತಿಗಳನ್ನು ಮಾಡಿತು. ಅದರ ಅಧ್ಯಕ್ಷೆ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಮುಖ್ಯಸ್ಥೆ. ಕುಡಿಯುವ ನೀರು, ಶೌಚಾಲಯ, ವಿದ್ಯುತ್ತು, ಸಣ್ಣಪುಟ್ಟ ರಿಪೇರಿ ಅದರ ಕೈಗೆ ಬಂತು. ನಾವು ಚುನಾಯಿಸಿದ ಸಮಿತಿ ಏನಾದ ಹಾಗಾಯಿತು ಎಂದು ನನಗೆ ಸ್ವಲ್ಪ ಕಸಿವಿಸಿಯೇ ಆಯಿತು. ಆರಿಸಿ ಬಂದವರಿಗೆ ಇರುವ ಬಲ, ನೇಮಕವಾದವರಿಗೆ ಇರುತ್ತದೆಯೇ? ಈ ಪ್ರಶ್ನೆ ನನ್ನಲ್ಲಿ ಇನ್ನೂ ಇದೆ. ಆದರೆ ನಮ್ಮಾಕೆ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಅಳತೆ ತೆಗೆಯಲು ಎಂಜಿನಿಯರ್ ಬಂದ ದಿನ ಆ ಪಟ್ಟಿ ಹಿಡಿದು ನಿಂತಳು. ಜೂನ್ 12ಕ್ಕೆ ಶಾಲೆ ತೆರೆದಾಗ ಮೋಟಾರು ಓಡುತ್ತಿತ್ತು, ಬಾಗಿಲಿಗೆ ಚಿಲಕ ಬಂದಿತ್ತು. ಪಟ್ಟಿಯಲ್ಲಿದ್ದ ಕಾಂಪೌಂಡ್ ಗೋಡೆ ಆಗಲಿಲ್ಲ.

ಆ ವಾರ ಹುಡುಗಿಯ ಬಾಟಲಿ ಖಾಲಿಯಾಗಿ ಮನೆಗೆ ಬಂತಂತೆ. ಆಕೆ ನನಗೆ ಹೇಳಿದ್ದು ಅದೊಂದನ್ನೇ.

ಅಕ್ಕಂದಿರೇ, ಆದಾಯ ತೆರಿಗೆ ಕಟ್ಟುವ ನಾವೆಲ್ಲ ತೆರಿಗೆಯ ಮೇಲೆ 4 ಪರ್ಸೆಂಟ್ ಆರೋಗ್ಯ ಮತ್ತು ಶಿಕ್ಷಣ ಸೆಸ್ ಕಟ್ಟುತ್ತೇವೆ. ಕಟ್ಟಿ ಕೈ ತೊಳೆದುಕೊಳ್ಳುತ್ತೇವೆ. ಕ್ಯಾಲಿಫೋರ್ನಿಯಾದ ಹಾಗೆ ನಮ್ಮನ್ನು ಯಾರೂ ಓಟು ಕೇಳುವುದಿಲ್ಲ, ನಿಜ. ಆದರೆ ಆ ದುಡ್ಡು ನಮ್ಮ ಗಲ್ಲಿಯ ಶಾಲೆಗೆ ತಲುಪಿತೇ ಎಂದು ಕೇಳುವ ಹಕ್ಕು ಇರುವ ಹೆಂಗಸು ದಿನಾ ಬೆಳಿಗ್ಗೆ ನಮ್ಮ ಮನೆಗೇ ಬರುತ್ತಾಳೆ.

ಹಾಗಾಗಿ ನನ್ನ ಕೋರಿಕೆ ಮೂರೇ ಮೂರು. ಒಂದು, ಆಕೆಯ ಮಗು ಯಾವ ಶಾಲೆಗೆ ಹೋಗುತ್ತದೆ ಎಂದು ಇವತ್ತೇ ಕೇಳಿ. ಎರಡು, ಶಾಲೆಯ ಚುನಾವಣೆ, ಪೋಷಕರ ಸಭೆ ಇದ್ದ ದಿನ ಸಂಬಳ ಹಿಡಿಯದೆ ರಜೆ ಕೊಡಿ. ಬರೀ "ಹೋಗು" ಅನ್ನುವುದಲ್ಲ, "ಹೋಗಿ ಬಾ, ಏನಾಯಿತು ಬಂದು ಹೇಳು" ಅನ್ನಿ. ಮೂರು, ಕರೆದರೆ ಜೊತೆಗೆ ಹೋಗಿ. ತೆಲುಗು ಓದಲು ಬರುವವರು ಸುತ್ತೋಲೆ ಓದಿ ಹೇಳಿ, ಬರದವರು ಲೆಕ್ಕ ನೋಡಿಕೊಡಿ. ಆದರೆ ಆಕೆಯ ಪರವಾಗಿ ಮಾತಾಡಬೇಡಿ. ಆ ದಿನ ನಾನು ಬಾಯಿ ತೆರೆದಿದ್ದರೆ ಸಭೆಯಲ್ಲಿ ಆಗುತ್ತಿದ್ದದ್ದು ಒಂದು ಚಿಕ್ಕ ಭಾಷಣ, ರಿಜಿಸ್ಟರ್ ಮಾತ್ರ ಹೊರಗೆ ಬರುತ್ತಿರಲಿಲ್ಲ.

ಮುಂದಿನ ಭಾನುವಾರ ಸೊಸೆಗೆ ಫೋನ್ ಮಾಡಿ, "ನಮ್ಮಲ್ಲೂ ಶಾಲೆಗೆ ಓಟು ಇದೆ ಕಣಮ್ಮ, ನನಗೇ ಗೊತ್ತಿರಲಿಲ್ಲ" ಅಂದೆ. "ನೀವು ಹಾಕಿದ್ರಾ ಅತ್ತೆ?" ಅಂದಳು. "ಇಲ್ಲ, ನಾನು ಪಾತ್ರೆ ತೊಳೆದೆ" ಅಂದೆ.

ಗಂಟೆ ಬಾರಿಸುವ ಮುಂಚೆ ನಿಲ್ಲಿಸುತ್ತೇನೆ.